ಕಿತ್ತೂರಿನ ಕೋಟೆಯಲ್ಲಿ ಸಂವಿಧಾನದ ಜಾಗ

ರಾಷ್ಟ್ರವೊಂದರ ಹುಟ್ಟನ್ನೂ ಅದರ ಸಂವಿಧಾನಬದ್ಧ ಆಡಳಿತವನ್ನೂ, ಅಂದರೆ ಆಳುವವರೂ ಲಿಖಿತ ನಿಯಮಕ್ಕೆ ತಲೆಬಾಗಬೇಕಾದ ಆಡಳಿತವನ್ನೂ, ಜನರ ಕಣ್ಣೆದುರು ಇಡುವ ವಸ್ತುಸಂಗ್ರಹಾಲಯಗಳು ಭಾರತದಲ್ಲಿ ಈಗಷ್ಟೇ ತೆರೆಯತೊಡಗಿವೆ. 2024ರ ನವೆಂಬರಿನಲ್ಲಿ ಹರಿಯಾಣದ ಸೋನಿಪತ್‌ನ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಸಂವಿಧಾನಕ್ಕೇ ಮೀಸಲಾದ ಸಂಗ್ರಹಾಲಯ ಉದ್ಘಾಟನೆಗೊಂಡಿತು. ಅದೇ ವರ್ಷದ ಜನವರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ, ಕಂಪನಿಯ ವಿರುದ್ಧ ದಂಗೆಯೆದ್ದು ನೇಣಿಗೇರಿದ ರಾಯಣ್ಣನ ಬದುಕನ್ನು ಶಿಲ್ಪಗಳ ಮೂಲಕ ನಿರೂಪಿಸುವ ಶಿಲ್ಪವನ ತೆರೆಯಿತು. ಇವೆರಡೂ ಬೇರೆ ಬೇರೆ ಕಥೆಗಳೆಂದೂ, ಮೊದಲನೆಯದು ದೆಹಲಿಯ ಸುತ್ತಮುತ್ತ ಇರತಕ್ಕದ್ದೆಂದೂ, ಎರಡನೆಯದು ಮಾತ್ರ ಕಿತ್ತೂರು ನಾಡಿಗೆ ಸಲ್ಲತಕ್ಕದ್ದೆಂದೂ ಭಾವಿಸುವ ಅಭಿಪ್ರಾಯವೊಂದು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸಾರ್ವಜನಿಕ ಜೀವನದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಈ ನಾಡು ರಾಷ್ಟ್ರಕ್ಕೆ ಕೊಟ್ಟದ್ದು ಖಡ್ಗವನ್ನು, ಸಂವಿಧಾನ ಬಂದದ್ದು ಮೇಲಿನಿಂದ, ಆದ್ದರಿಂದ ಇಲ್ಲಿನ ಸಂಗ್ರಹಾಲಯಗಳು ಖಡ್ಗ, ಗುರಾಣಿ, ಕುದುರೆಯ ಮೇಲಿನ ರಾಣಿ ಮತ್ತು ನೇಣಿನ ಮರಕ್ಕೆ ನಿಂತರೆ ಸಾಕು ಎಂಬುದು ಆ ಅಭಿಪ್ರಾಯದ ಸಾರ. ಉತ್ಸವದ ಭಾಷಣಗಳಲ್ಲಿ, ಸ್ಮಾರಕಗಳ ಯೋಜನೆಗಳಲ್ಲಿ, ಶಾಲಾ ಮಕ್ಕಳ ಪ್ರವಾಸದ ವಿವರಣೆಗಳಲ್ಲಿ ಇದು ಪ್ರಶ್ನೆಯಿಲ್ಲದೆ ಸಾಗುತ್ತಿದೆ. ಇದು ತಪ್ಪು, ಮತ್ತು ಈ ತಪ್ಪಿನಿಂದ ಅನ್ಯಾಯವಾಗುತ್ತಿರುವುದು ಕಿತ್ತೂರು ನಾಡಿಗೇ.

ಈ ಅಭಿಪ್ರಾಯ ಹುಟ್ಟಿದ್ದಕ್ಕೆ ನ್ಯಾಯವಾದ ಕಾರಣವಿದೆ ಎಂಬುದನ್ನು ಮೊದಲು ಒಪ್ಪಬೇಕು. ಸ್ವಾತಂತ್ರ್ಯ ಹೋರಾಟದ ಕಥೆಯನ್ನು 1857ರಿಂದ ಆರಂಭಿಸುವ ರೂಢಿ ಬಹುಕಾಲ ನಡೆದುಬಂದುದರಿಂದ, ಅದಕ್ಕೂ ಮೂವತ್ತಮೂರು ವರ್ಷ ಮೊದಲು, 1824ರ ಅಕ್ಟೋಬರ್ 23ರಂದು, ಕಂಪನಿ ಸರ್ಕಾರದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ರಾಣಿ ಚನ್ನಮ್ಮನ ಪಡೆಯೊಡನೆ ನಡೆದ ಕಾಳಗದಲ್ಲಿ ಸತ್ತುಬಿದ್ದ ಸಂಗತಿ ಕರ್ನಾಟಕದ ಆಚೆಗೆ ಬಹುಮಂದಿಗೆ ತಿಳಿಯಲಿಲ್ಲ. ರಾಣಿ ಚನ್ನಮ್ಮನ ಪ್ರತಿಮೆ ಸಂಸತ್ ಭವನದ ಆವರಣಕ್ಕೆ ಬಂದದ್ದು 2007ರಲ್ಲಿ. ಇಷ್ಟು ತಡವಾಗಿ ಬಂದ ಮನ್ನಣೆಯನ್ನು ಜನ ಎದೆಗಪ್ಪಿಕೊಳ್ಳುವುದು ಸಹಜ, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾವ ವಿದ್ವಾಂಸನಿಗೂ ಇಲ್ಲ. ಆದರೆ ಕಿತ್ತೂರಿನ ರಾಣಿ ಸಂಸತ್ತಿನ ಅಂಗಳವನ್ನು ತಲುಪಿದ ಮೇಲೂ ಸಂಸತ್ತಿನ ಕಥೆ ಕಿತ್ತೂರಿನ ಕೋಟೆಯೊಳಗೆ ಬಾರದೆ ಉಳಿದಿರುವುದು ಮನ್ನಣೆಯ ಕೊರತೆಯಿಂದಲ್ಲ. ಈ ನಾಡಿಗೆ ಆ ಕಥೆಯಲ್ಲಿ ಪಾಲಿಲ್ಲ ಎಂದು ಈ ನಾಡಿನವರೇ ನಂಬಿಕೊಂಡದ್ದರಿಂದ.

ಖಡ್ಗದ ಕಥೆಯೆಂದು ಹೇಳಲಾಗುವ 1824ರ ಪ್ರಸಂಗವನ್ನೇ ನೋಡಬಹುದು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಿತ್ತೂರನ್ನಾಳುತ್ತಿದ್ದ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ಸಾಯುವ ಮುನ್ನ ಅವನು ಬಾಲಕನೊಬ್ಬನನ್ನು ದತ್ತಕ ತೆಗೆದುಕೊಂಡಿದ್ದನೆಂದು ಸಂಸ್ಥಾನ ಹೇಳಿತು. ದತ್ತಕವನ್ನು ತಿಳಿಸುವ ಪತ್ರದಲ್ಲಿದ್ದ ಸಹಿ ನಿಜವಾಗಿ ದೇಸಾಯಿಯದೇ ಎಂಬುದನ್ನು ಥ್ಯಾಕರೆ ಸಂದೇಹಿಸಿದ, ಖಜಾನೆಗೆ ಮುದ್ರೆ ಹಾಕಿಸಿದ, ತನ್ನ ಜನರನ್ನು ಕಾವಲಿಗಿಟ್ಟ. ಹಿಂದಿನ ದೇಸಾಯಿ ಮಲ್ಲಸರ್ಜನ ಪತ್ನಿಯಾದ ಚನ್ನಮ್ಮ ಆಗ ಮಾಡಿದ ಮೊದಲ ಕೆಲಸ ಪತ್ರವ್ಯವಹಾರ. ಅವಳು ಥ್ಯಾಕರೆಗೆ ಬರೆಸಿದಳು, ಅವನ ಮೇಲಧಿಕಾರಿಯಾಗಿದ್ದ ದಖ್ಖನ್ನಿನ ಕಮಿಷನರ್ ಚಾಪ್ಲಿನ್‌ಗೆ ಬರೆಸಿದಳು. 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿಗೆ ನೆರವಾದ ಸಂಸ್ಥಾನ ಕಿತ್ತೂರು; ಆ ನಂಬಿಕೆಯ ಮೇಲೆಯೇ ಅದು ತನ್ನ ಹಕ್ಕನ್ನು ಕೇಳುತ್ತಿತ್ತು. ಹೀಗೆ ಜಗಳದ ಮೂಲದಲ್ಲಿದ್ದವು ಒಂದು ಸಹಿ, ಒಂದು ದತ್ತಕ ಪತ್ರ, ಒಂದು ಹಿಂದಿನ ಒಪ್ಪಂದ ಮತ್ತು ಒಂದು ಪ್ರಶ್ನೆ: ಉತ್ತರಾಧಿಕಾರವನ್ನು ನಿರ್ಣಯಿಸುವ ಅಧಿಕಾರವನ್ನು ದೂರದ ವ್ಯಾಪಾರಿ ಕಂಪನಿಗೆ ಕೊಟ್ಟವರು ಯಾರು? ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದು, ದತ್ತಕವನ್ನು ಒಪ್ಪದೆ ಸಂಸ್ಥಾನಗಳನ್ನು ಕಬಳಿಸುವುದನ್ನು ನೀತಿಯಾಗಿಯೇ ನಡೆಸಿದ್ದು 1848ರ ನಂತರ. ಅದಕ್ಕಿಂತ ಕಾಲು ಶತಮಾನದ ಹಿಂದೆಯೇ ಕಿತ್ತೂರು ಆ ನೀತಿಯನ್ನು ಎದುರಿಸಿತ್ತು. ಮುಂದೆ 1858ರಲ್ಲಿ ನರಗುಂದದ ಬಾಬಾಸಾಹೇಬ ಇದೇ ದತ್ತಕದ ನಿರಾಕರಣೆಯಿಂದ ಕೆರಳಿ ದಂಗೆಯೆದ್ದಾಗ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದದ್ದು ಈಗಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ.

ಸಂಗ್ರಹಾಲಯವೊಂದು ಈ ಪತ್ರಗಳನ್ನೆಲ್ಲ ಬದಿಗಿಟ್ಟು ಖಡ್ಗವನ್ನು ಮಾತ್ರ ತೋರಿಸಿದರೆ ನೋಡುವ ಮಗುವಿಗೆ ತಿಳಿಯುವುದು ಇಬ್ಬರು ಬಲಶಾಲಿಗಳು ಹೊಡೆದಾಡಿದರು, ಒಮ್ಮೆ ಇವರು ಗೆದ್ದರು, ಡಿಸೆಂಬರಿನಲ್ಲಿ ಅವರು ಗೆದ್ದರು ಎಂಬಷ್ಟೇ. ನ್ಯಾಯ ರಾಣಿಯ ಪಕ್ಷದಲ್ಲಿ ಏಕೆ ಇತ್ತು ಎಂಬುದು ಖಡ್ಗವನ್ನು ಎಷ್ಟು ಹೊತ್ತು ನೋಡಿದರೂ ಗೊತ್ತಾಗದು. ಅಭಿಮಾನಿಗಳೆನಿಸಿಕೊಂಡವರು ರಾಣಿಯಿಂದ ಅವಳ ವಾದವನ್ನೇ ಕಿತ್ತುಕೊಂಡು ಆವೇಶವನ್ನಷ್ಟೇ ಉಳಿಸಿದ್ದಾರೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ರಾಣಿ ಕೇಳಿದ್ದು ಮನೆತನದ ಹಕ್ಕನ್ನು; ಒಕ್ಕಲುಗಳ ಮತದ ಹಕ್ಕು ಆ ಕಾಲದ ಕಲ್ಪನೆಯಲ್ಲಿ ಎಲ್ಲಿಯೂ ಇರಲಿಲ್ಲ. ಇದನ್ನು ಮುಚ್ಚಿಡುವ ಸಂಗ್ರಹಾಲಯ ಚನ್ನಮ್ಮನನ್ನು ಅವಳ ಕಾಲದಿಂದ ಹೊರಗೆಳೆಯುತ್ತದೆ, ಮುಂದಿನವರು ನಡೆದ ದಾರಿಯ ಉದ್ದವನ್ನೂ ಅಳಿಸುತ್ತದೆ.

ರಾಯಣ್ಣನ ವಿಷಯದಲ್ಲಿ ಈ ಅಳಿಸುವಿಕೆ ಇನ್ನೂ ನೋವಿನದು. ಸಂಗೊಳ್ಳಿಯ ರಾಯಣ್ಣ ಹಳ್ಳಿಯ ವಾಲೀಕಾರ, ಅಂದರೆ ಊರಿನ ಕಾವಲು ಮತ್ತು ಸರ್ಕಾರಿ ಸೇವೆಯ ಹೊಣೆ ಹೊತ್ತವನು. ಅವನ ಮನೆತನಕ್ಕೆ ರಕ್ತಮಾನ್ಯ ಭೂಮಿ ಇತ್ತು, ಅಂದರೆ ಯುದ್ಧಸೇವೆಯಲ್ಲಿ ರಕ್ತ ಚೆಲ್ಲಿದವರಿಗೆ ಕಂದಾಯವಿಲ್ಲದೆ ಅಥವಾ ಹಗುರ ಕಂದಾಯಕ್ಕೆ ಬಿಟ್ಟುಕೊಟ್ಟ ಹೊಲ. ಕಂಪನಿಯ ಹೊಸ ಕಂದಾಯ ವ್ಯವಸ್ಥೆ ಆ ಹೊಲದ ಮೇಲೆ ಕೈಹಾಕಿತು. ರಾಯಣ್ಣನ ದಂಡು ಬೀಡಿ ಎಂಬ ಊರಿನ ಕಚೇರಿಗೆ ಬೆಂಕಿಯಿಟ್ಟಾಗ ಸುಟ್ಟದ್ದರಲ್ಲಿ ದಫ್ತರಗಳೂ, ಅಂದರೆ ಭೂಮಿ ಮತ್ತು ಕಂದಾಯದ ಲೆಕ್ಕಪತ್ರಗಳೂ ಸೇರಿದ್ದವು. ಹೊಲ ಯಾರದು, ತೆರಿಗೆ ಎಷ್ಟು ಎಂಬುದನ್ನು ಉಳುವವನನ್ನು ಕೇಳದೆ ಬರೆದಿಟ್ಟ ಪುಸ್ತಕದ ಶಕ್ತಿಯನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದ. ಇದನ್ನು ಹೇಳಿದ ಮಾತ್ರಕ್ಕೆ ರಾಯಣ್ಣನನ್ನು ಸಂವಿಧಾನವಾದಿಯನ್ನಾಗಿ ಮಾಡಿದಂತಾಗದು, ಹಾಗೆ ಮಾಡುವುದೂ ಸುಳ್ಳೇ. ಆದರೆ ಸರ್ಕಾರಿ ಕಚೇರಿಯ ಪುಸ್ತಕ ಪ್ರಜೆಯ ಮೇಲೆ ಎತ್ತಿದ ಆಯುಧವಾಗಿದ್ದ ಕಾಲಕ್ಕೂ, ಅದೇ ಪುಸ್ತಕದ ನಕಲನ್ನು ಪ್ರಜೆಯೇ ಹಕ್ಕಿನಿಂದ ಕೇಳಿ ಪಡೆಯುವ, ತಪ್ಪಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ಕಾಲಕ್ಕೂ ನಡುವೆ ಏನಾಯಿತು ಎಂಬುದೇ ಈ ನಾಡಿನ ನಿಜವಾದ ಸಂವಿಧಾನದ ಕಥೆ. ರಾಯಣ್ಣನ ಹುದ್ದೆಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರಾಜ್ಯ ಶಾಸನಸಭೆ 1961ರ ಕಾಯ್ದೆಯಿಂದ ರದ್ದುಪಡಿಸಿತು ಎಂಬ ಸಂಗತಿಗೆ ಅವನ ಸ್ಮಾರಕಗಳಲ್ಲಿ ಸ್ಥಳ ಸಿಗಬೇಕಿತ್ತು.

ಆ ಸ್ಥಳವನ್ನು ಈಗ ಆಕ್ರಮಿಸಿಕೊಂಡಿರುವುದು ತಿಥಿಗಳ ಹೊಂದಾಣಿಕೆ. ರಾಯಣ್ಣ ಹುಟ್ಟಿದ್ದು ಆಗಸ್ಟ್ 15ರಂದು, ನಂದಗಡದಲ್ಲಿ ಅವನನ್ನು ನೇಣಿಗೇರಿಸಿದ್ದು 1831ರ ಜನವರಿ 26ರಂದು, ಆದ್ದರಿಂದ ಸ್ವಾತಂತ್ರ್ಯವೂ ಗಣರಾಜ್ಯವೂ ಅವನಲ್ಲಿಯೇ ಅಡಗಿದ್ದವು ಎಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಜನವರಿ 26 ಗಣರಾಜ್ಯದ ದಿನವಾದದ್ದು 1929ರ ಡಿಸೆಂಬರಿನ ಲಾಹೋರ್ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ಗೊತ್ತುವಳಿ ಸ್ವೀಕರಿಸಿ, 1930ರ ಆ ದಿನ ದೇಶದಾದ್ಯಂತ ಜನ ಪ್ರತಿಜ್ಞೆ ಮಾಡಿದ್ದರಿಂದ. ತಿಥಿಗಳು ಕೂಡಿಬಂದದ್ದು ಆಕಸ್ಮಿಕ. ಆಕಸ್ಮಿಕವನ್ನು ಇತಿಹಾಸವೆಂದು ನಂಬಿಸಿದಾಗ 1831 ಮತ್ತು 1950ರ ನಡುವಿನ ನೂರಾ ಹತ್ತೊಂಬತ್ತು ವರ್ಷಗಳಲ್ಲಿ ದುಡಿದವರೆಲ್ಲ ಕಾಣೆಯಾಗುತ್ತಾರೆ.

ಹೀಗೆ ಕಾಣೆಯಾದವರಲ್ಲಿ ಮೊದಲಿಗರು ರಾಮದುರ್ಗದವರು. ಭಾವೆ ಮನೆತನ ಆಳುತ್ತಿದ್ದ ರಾಮದುರ್ಗ ಸುಮಾರು 169 ಚದರ ಮೈಲಿಯ ಪುಟ್ಟ ಸಂಸ್ಥಾನ. ಬ್ರಿಟಿಷ್ ಆಡಳಿತದಲ್ಲಿದ್ದ ಪಕ್ಕದ ಪರಸಗಡ ತಾಲ್ಲೂಕಿನ, ಅಂದರೆ ಈಗಿನ ಸವದತ್ತಿಯ, ಕೆಲವರಿಗಾದರೂ 1935ರ ಕಾಯ್ದೆಯಂತೆ ಪ್ರಾಂತೀಯ ಶಾಸನಸಭೆಗೆ ಮತ ಹಾಕುವ ಹಕ್ಕು ದೊರೆತಿತ್ತು. ರಾಮದುರ್ಗದ ಒಕ್ಕಲಿಗನಿಗೆ ಅದೂ ಇರಲಿಲ್ಲ. ಅಲ್ಲಿನ ಪ್ರಜಾ ಸಂಘ ಕೇಳಿದ್ದು ತೆರಿಗೆಯ ಇಳಿಕೆಯನ್ನು ಮತ್ತು ಜವಾಬ್ದಾರಿ ಸರ್ಕಾರವನ್ನು. ಜವಾಬ್ದಾರಿ ಸರ್ಕಾರವೆಂದರೆ ಮಂತ್ರಿಗಳು ರಾಜನಿಗಲ್ಲದೆ ಜನ ಆರಿಸಿದ ಸಭೆಗೆ ಲೆಕ್ಕ ಕೊಡಬೇಕಾದ ಸರ್ಕಾರ. 1930ರ ದಶಕದಲ್ಲಿ ಭಾರತದ ಸಂಸ್ಥಾನಗಳಲ್ಲೆಲ್ಲ ಪ್ರಜೆಗಳ ಬೇಡಿಕೆ ಇದೇ ಆಗಿತ್ತು. 1939ರ ಏಪ್ರಿಲ್ ಮೊದಲ ವಾರದಲ್ಲಿ ನಾಯಕರ ಬಂಧನದಿಂದ ರೊಚ್ಚಿಗೆದ್ದು ಸೇರಿದ ಜನರ ಮೇಲೆ ಗೋಲಿಬಾರ್ ನಡೆಯಿತು. ಜನ ಜೈಲಿಗೆ ನುಗ್ಗಿದರು, ಬೆಂಕಿಯಿಟ್ಟರು, ಹಲವು ಪೊಲೀಸರನ್ನು ಕೊಂದರು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ರಾಮದುರ್ಗದ ಹಿಂಸೆಯ ಪ್ರಸ್ತಾಪವೆತ್ತಿ, ಸಂಸ್ಥಾನಗಳ ಚಳವಳಿಯ ನಡಿಗೆಯನ್ನೇ ಪ್ರಶ್ನಿಸಿದರು. ಇದೇ ವರ್ಷ ಇನ್ನೊಂದು ದಖ್ಖನ್ ಸಂಸ್ಥಾನವಾದ ಔಂಧದ ಅರಸ, ಗಾಂಧೀಜಿಯ ಸಲಹೆಯೊಂದಿಗೆ ರೂಪುಗೊಂಡ ಸಂವಿಧಾನವನ್ನು ಜಾರಿಗೆ ತಂದು ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟ. ಒಂದೇ ವರ್ಷ, ಒಂದೇ ಬಗೆಯ ಸಂಸ್ಥಾನಗಳು, ಒಂದೇ ಬೇಡಿಕೆ. ಒಂದು ಕಡೆ ಸಂವಿಧಾನ, ಇನ್ನೊಂದು ಕಡೆ ಬೆಂಕಿ. ಸಂವಿಧಾನಬದ್ಧ ಆಡಳಿತ ಏಕೆ ಬೇಕು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಸಂಗ್ರಹಾಲಯವೂ ಕಲ್ಪಿಸಿಕೊಳ್ಳಲಾರದು.

ರಾಮದುರ್ಗದ ಕಥೆ ಆ ಬೆಂಕಿಯಲ್ಲಿ ಮುಗಿಯಲಿಲ್ಲ. 1946ರ ಡಿಸೆಂಬರ್ 9ರಿಂದ 1949ರ ನವೆಂಬರಿನವರೆಗೆ ದೆಹಲಿಯಲ್ಲಿ ಸಂವಿಧಾನವನ್ನು ರಚಿಸಿದ ಸಭೆಯ ಸದಸ್ಯರ ಪಟ್ಟಿಯಲ್ಲಿ, ಮುಂಬಯಿ ಪ್ರಾಂತದ ಸಂಸ್ಥಾನಗಳ ಪ್ರತಿನಿಧಿಗಳ ಸಾಲಿನಲ್ಲಿ, ಬಿ.ಎನ್. ಮುನವಳ್ಳಿ ಎಂಬ ಹೆಸರಿದೆ. ರಾಮದುರ್ಗದ ಪ್ರಜಾ ಚಳವಳಿಯ ಮುಂದಾಳು ಅವರು. ಮತದ ಹಕ್ಕೇ ಇಲ್ಲದಿದ್ದ ಪುಟ್ಟ ಸಂಸ್ಥಾನವೊಂದರ ಚಳವಳಿಗಾರ, ಜೈಲು ಸುಟ್ಟ ಆ ದುರಂತದ ಹತ್ತು ವರ್ಷಗಳೊಳಗೆ, ಭಾರತದ ಪ್ರತಿಯೊಬ್ಬ ವಯಸ್ಕನಿಗೂ ಮತದ ಹಕ್ಕು ಕೊಟ್ಟ ಸಭೆಯಲ್ಲಿ ಆಸನ ಪಡೆದಿದ್ದರು. ಮುಂಬಯಿ ಪ್ರಾಂತದ ಪರವಾಗಿ ಅದೇ ಸಭೆಯಲ್ಲಿ ಎಸ್. ನಿಜಲಿಂಗಪ್ಪ ಮತ್ತು ಆರ್.ಆರ್. ದಿವಾಕರ ಅವರೂ ಇದ್ದರು. ಸಂವಿಧಾನ ಮೇಲಿನಿಂದ ಇಳಿದು ಬಂತು ಎಂದು ಹೇಳುವವರು ಈ ಹೆಸರುಗಳನ್ನು ಎಲ್ಲಿಡುತ್ತಾರೆ? ಕಿತ್ತೂರು ನಾಡಿನ ಎಷ್ಟು ಶಾಲೆಗಳ ಗೋಡೆಯ ಮೇಲೆ ಮುನವಳ್ಳಿಯವರ ಭಾವಚಿತ್ರವಿದೆ, ಅವರ ಹೆಸರನ್ನು ಕೇಳಿರುವ ಮಕ್ಕಳೆಷ್ಟು ಎಂಬ ಪ್ರಶ್ನೆಯನ್ನು ಪ್ರತಿ ಊರೂ ಕೇಳಿಕೊಳ್ಳಬೇಕು. ಸಂವಿಧಾನ ಸಭೆಗೆ ಪ್ರಾಂತಗಳ ಸದಸ್ಯರನ್ನು ಆರಿಸಿದ್ದು ಸೀಮಿತ ಮತದಾರರಿಂದ ರಚಿತವಾದ ಶಾಸನಸಭೆಗಳು, ಸಂಸ್ಥಾನಗಳ ಸದಸ್ಯರಲ್ಲಿ ಕೆಲವರು ನಾಮನಿರ್ದೇಶನಗೊಂಡವರು ಎಂಬ ಆಕ್ಷೇಪ ನಿಜವೇ. ಅದನ್ನೂ ಆ ವಿಭಾಗದ ಗೋಡೆಯ ಮೇಲೆ ಬರೆಯಬೇಕು. 1948ರ ಮಾರ್ಚ್ 8ರಂದು ದಖ್ಖನ್ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, ರಾಮದುರ್ಗವೂ ಅವುಗಳಲ್ಲಿ ಒಂದು. 1951–52ರ ಮೊದಲ ಮಹಾಚುನಾವಣೆಯಲ್ಲಿ ರಾಮದುರ್ಗದ ರೈತನೂ ಕೂಲಿಯೂ ಹೆಂಗಸರೂ ಸಾಲಿನಲ್ಲಿ ನಿಂತು ಮತ ಹಾಕಿದರು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಗಡಿಯ ಬಗ್ಗೆ ಮಹಾರಾಷ್ಟ್ರ ಹೂಡಿದ ದಾವೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಎರಡು ರಾಜ್ಯಗಳ ಜಗಳವನ್ನು ಸೈನ್ಯಗಳು ತೀರಿಸದೆ ನ್ಯಾಯಾಲಯ ಕೇಳುವುದು ಎಷ್ಟು ದೊಡ್ಡ ಬದಲಾವಣೆ ಎಂಬುದು 1824ರ ಕೋಟೆಯ ಬಾಗಿಲಲ್ಲಿ ನಿಂತವರಿಗೆ ಅರ್ಥವಾಗುವಷ್ಟು ಬೇರಾರಿಗೂ ಅರ್ಥವಾಗದು.

ಕಾಗದವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಯಾರೂ ನೋಡುವುದಿಲ್ಲ, ಜನ ಬರುವುದು ಕಣ್ಣು ತುಂಬುವ ವಸ್ತುಗಳಿಗಾಗಿ ಎಂಬುದು ಈ ಅಭಿಪ್ರಾಯದ ಇನ್ನೊಂದು ಆಧಾರ. ಕಿತ್ತೂರಿನಲ್ಲಿಯೇ ಇದಕ್ಕೆ ಉತ್ತರವಿದೆ. ಹನ್ನೆರಡನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ, ಗೋವೆಯ ಕದಂಬರ ಕಾಲದ ಕಿತ್ತೂರಿನ ಶಿಲಾಶಾಸನ, ಹೊಲವೊಂದರ ಒಡೆತನಕ್ಕಾಗಿ ಎರಡು ದೇವಾಲಯಗಳ ಆಚಾರ್ಯರ ನಡುವೆ ನಡೆದ ವ್ಯಾಜ್ಯವನ್ನೂ, ಅದು ದಿವ್ಯದಿಂದ ತೀರ್ಮಾನವಾದುದನ್ನೂ ದಾಖಲಿಸುತ್ತದೆ. ದಿವ್ಯವೆಂದರೆ ಕಾಯಿಸಿದ ಕಬ್ಬಿಣದ ನೇಗಿಲ ಗುಳವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡಿ, ಕೈ ಸುಟ್ಟಿದೆಯೇ ಇಲ್ಲವೇ ಎಂಬುದನ್ನು ಸೇರಿದ ಸಭೆ ಪರೀಕ್ಷಿಸಿ ಸತ್ಯವನ್ನು ನಿರ್ಣಯಿಸುವ ಪದ್ಧತಿ. ಈ ಶಾಸನದ ಪಕ್ಕದಲ್ಲಿ 1824ರ ಸಂದೇಹಕ್ಕೊಳಗಾದ ದತ್ತಕ ಪತ್ರದ ಪ್ರತಿಯನ್ನೂ, ಅದರ ಪಕ್ಕದಲ್ಲಿ ಸಮಾನತೆಯ ಹಕ್ಕನ್ನು ಹೇಳುವ ಸಂವಿಧಾನದ 14ನೆಯ ವಿಧಿಯನ್ನೂ ಇಟ್ಟು, ಒಂದು ಹೊಲದ ಮೇಲಿನ ಹಕ್ಕನ್ನು ಈ ನೆಲದಲ್ಲಿ ಯಾವ ಯಾವ ಕಾಲದಲ್ಲಿ ಯಾರು ಹೇಗೆ ತೀರ್ಮಾನಿಸಿದರು ಎಂದು ಕೇಳಿದರೆ, ಹೊಲದ ವ್ಯಾಜ್ಯಗಳ ನಡುವೆಯೇ ಬದುಕುವ ಈ ಸೀಮೆಯ ಯಾವ ರೈತ ಅಲ್ಲಿ ನಿಲ್ಲದೆ ಹೋದಾನು? ಕಿತ್ತೂರಿನಲ್ಲಿ 1824ರಲ್ಲಿ ಸೆರೆಸಿಕ್ಕಿ, ರಾಣಿಯ ಆಶ್ರಯದಲ್ಲಿ ಜೀವವುಳಿಸಿಕೊಂಡ ಥ್ಯಾಕರೆಯ ಸಹಾಯಕ ವಾಲ್ಟರ್ ಎಲಿಯಟ್ ಮುಂದೆ ಕರ್ನಾಟಕದ ಶಾಸನಗಳ ದೊಡ್ಡ ಸಂಗ್ರಾಹಕನಾದ. ಅವನು 1845ರಲ್ಲಿ ಅಮರಾವತಿಯಲ್ಲಿ ಅಗೆಸಿದ ಬೌದ್ಧ ಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಮ್ಮ ಕಲ್ಲುಗಳ ಬೆಲೆಯನ್ನು ನಮ್ಮ ಸೆರೆಯಾಳು ಅರಿತಿದ್ದ. ನಾವು ಇನ್ನೂ ಅವುಗಳನ್ನು ಮೂಲೆಯಲ್ಲಿ ನಿಲ್ಲಿಸಿ ಖಡ್ಗದ ಕಡೆಗೆ ಬೆಳಕು ಹಾಯಿಸುತ್ತಿದ್ದೇವೆ.

ಹೊರದೇಶದ ಒಂದು ಉದಾಹರಣೆಯೂ ಇಲ್ಲಿ ಪ್ರಸ್ತುತ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ ಗಾಂಧಿ ಮತ್ತು ಮಂಡೇಲಾ ಇಬ್ಬರನ್ನೂ ಕೂಡಿಹಾಕಿದ್ದ ಹಳೆಯ ಕೋಟೆ ಜೈಲಿನ ಆವರಣದಲ್ಲಿಯೇ ಆ ದೇಶ ತನ್ನ ಸಂವಿಧಾನ ನ್ಯಾಯಾಲಯವನ್ನು ಕಟ್ಟಿತು. ಕೆಡವಿದ ಜೈಲಿನ ಇಟ್ಟಿಗೆಗಳನ್ನೇ ಅದರ ಗೋಡೆಗೆ ಬಳಸಿತು. ಉಳಿದ ಸೆರೆಕೋಣೆಗಳನ್ನು ಸಂಗ್ರಹಾಲಯವಾಗಿಸಿತು. 2004ರಲ್ಲಿ ತೆರೆದ ಆ ಕಟ್ಟಡಕ್ಕೆ ಜನ ಜೈಲನ್ನೂ ನ್ಯಾಯಾಲಯವನ್ನೂ ಒಟ್ಟಿಗೆ ನೋಡಲು ಬರುತ್ತಾರೆ. ಚನ್ನಮ್ಮ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದ ಬೈಲಹೊಂಗಲದಲ್ಲಿ ಆಕೆಯ ಸಮಾಧಿಯಿದೆ. ವಿಚಾರಣೆಯಿಲ್ಲದೆ ಯಾರನ್ನೂ ಹೀಗೆ ಇಡುವಂತಿಲ್ಲ, ಬಂಧಿಸಿದವರನ್ನು ಇಪ್ಪತ್ನಾಲ್ಕು ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಎನ್ನುವ ಸಂವಿಧಾನದ 22ನೆಯ ವಿಧಿಯನ್ನು, ಮುಂಜಾಗ್ರತಾ ಬಂಧನಕ್ಕೆ ಅದೇ ವಿಧಿ ಕೊಟ್ಟ ವಿನಾಯಿತಿಯ ಸಮೇತ, ಆ ಸಮಾಧಿಯ ಬಳಿ ಓದುವಷ್ಟು ಅರ್ಥಪೂರ್ಣವಾಗಿ ಬೇರೆಲ್ಲಿ ಓದಲು ಸಾಧ್ಯ?

ಸವದತ್ತಿಯ ಮಾತು ಬಂದಾಗ ಈ ಅಭಿಪ್ರಾಯ ಪೂರ್ತಿ ಮೌನವಾಗುತ್ತದೆ. ರಟ್ಟರ ರಾಜಧಾನಿ, ಕೋಟೆ, ನವಿಲುತೀರ್ಥದ ಅಣೆಕಟ್ಟು ಇವೆಲ್ಲ ಪ್ರವಾಸದ ಪುಸ್ತಕಗಳಲ್ಲಿವೆ. ಆದರೆ ಯಲ್ಲಮ್ಮನ ಗುಡ್ಡದಲ್ಲಿ ತಲೆಮಾರುಗಳ ಕಾಲ ದಲಿತ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ಅವರನ್ನು ದೇವದಾಸಿಯರನ್ನಾಗಿಸಿದ್ದೂ, ಮುಂಬಯಿ ಸರ್ಕಾರ 1934ರಲ್ಲಿ ಮತ್ತು ಕರ್ನಾಟಕ 1982ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಮಾಡಿದ್ದೂ, ಕಾಯ್ದೆಯಾದ ಮೇಲೂ ಆ ಹೆಣ್ಣುಮಕ್ಕಳೇ ಸಂಘಟಿತರಾಗಿ ಮಾಸಾಶನಕ್ಕೆ, ಮನೆಗೆ, ಮಕ್ಕಳ ದಾಖಲೆಯಲ್ಲಿ ಮರ್ಯಾದೆಗೆ ಹೋರಾಡಬೇಕಾಗಿ ಬಂದದ್ದೂ ಯಾವ ಕೋಟೆಯ ಕದನಕ್ಕಿಂತ ಕಡಿಮೆಯ ಕಥೆ? ಅಸ್ಪೃಶ್ಯತೆಯನ್ನು ರದ್ದುಮಾಡಿದ 17ನೆಯ ವಿಧಿ, ಮನುಷ್ಯರ ಮಾರಾಟ ಮತ್ತು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದ 23ನೆಯ ವಿಧಿ ಈ ಗುಡ್ಡದ ಕೆಳಗೆ ಬದುಕಿದ ಹೆಣ್ಣುಮಕ್ಕಳ ಪಾಲಿಗೆ ಪುಸ್ತಕದ ಸಾಲುಗಳಾಗಿ ಉಳಿಯಲಿಲ್ಲ. ಭಕ್ತಿಗೆ ಧಕ್ಕೆಯಾದೀತು ಎಂದು ಹೇಳಿ ಇದನ್ನು ತಡೆಯುವವರಿಗೆ ಹೇಳಬೇಕಾದದ್ದು ಇಷ್ಟೇ: ದೇವಿಯ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಒಪ್ಪಿಕೊಳ್ಳುವುದರಿಂದ ದೇವಿಗೆ ಅಪಮಾನವಾಗುವುದಿಲ್ಲ.

ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ ಎಂಬ ಭಯವೇ ಈ ಎಲ್ಲ ವಾದಗಳ ಅಡಿಯಲ್ಲಿರುವುದು. ರಾಮದುರ್ಗದಲ್ಲಿ ಸತ್ತ ಪೊಲೀಸರೂ ಈ ಸೀಮೆಯ ಬಡವರ ಮಕ್ಕಳೇ ಎಂದು ಹೇಳಿದರೆ ಚಳವಳಿಯ ಹೆಸರು ಕೆಡುತ್ತದೆಂದೂ, ರಾಣಿಯ ಹೋರಾಟ ಮನೆತನದ ಹಕ್ಕಿಗಾಗಿತ್ತೆಂದರೆ ಅವಳ ಕೀರ್ತಿ ಕುಂದುತ್ತದೆಂದೂ ಭಯಪಡುವವರು ತಮ್ಮ ಜನರ ಬುದ್ಧಿಯನ್ನು ಕೀಳಾಗಿ ಅಳೆಯುತ್ತಿದ್ದಾರೆ. ಸುಳ್ಳಿನ ಮೇಲೆ ನಿಂತ ಅಭಿಮಾನ ಒಂದು ಪ್ರಶ್ನೆಗೆ ಕುಸಿಯುತ್ತದೆ, ಆಮೇಲೆ ಪ್ರಶ್ನೆ ಕೇಳಿದವನ ಮೇಲೆ ಕೈಮಾಡುತ್ತದೆ. ಸ್ಮಾರಕಗಳ, ಪ್ರತಿಮೆಗಳ ಹೆಸರಿನಲ್ಲಿ ಈ ಜಿಲ್ಲೆಯಲ್ಲಿ ಎಷ್ಟು ಸಲ ಊರುಗಳು ಎದುರುಬದುರಾಗಿ ನಿಂತಿವೆ ಎಂಬುದನ್ನು ಎಲ್ಲರೂ ಕಂಡಿದ್ದಾರೆ.

ಇದೇ ಕಾರಣಕ್ಕೆ ಕಿತ್ತೂರಿನ ಅರಮನೆಯ ಪ್ರತಿರೂಪವನ್ನು ಹೊಸದಾಗಿ ಕಟ್ಟಬೇಕೆಂಬ ಯೋಜನೆಯನ್ನೂ ಪ್ರಶ್ನಿಸಬೇಕಾಗಿದೆ. ಕೋಟೆಯೊಳಗೆ ಇಂದಿಗೂ ನಿಂತಿರುವ ಮುರಿದ ಗೋಡೆಗಳು ಕಂಪನಿಯ ವಿಧ್ವಂಸಕ್ಕೆ ಸಾಕ್ಷಿ; ಅವುಗಳನ್ನು ಸಂರಕ್ಷಿಸಿ ವಿವರಿಸುವ ಕೆಲಸವೇ ಬೇಕಾದಷ್ಟಿರುವಾಗ, ಸಿಮೆಂಟಿನ ಅರಮನೆಗೆ ಕೋಟಿಗಳನ್ನು ಸುರಿಯುವುದರಿಂದ ಬರುವುದು ಛಾಯಾಚಿತ್ರಕ್ಕೊಂದು ಹಿನ್ನೆಲೆ ಮಾತ್ರ. ಆ ಹಣದ ಸಣ್ಣ ಪಾಲಿನಿಂದ ಪುಣೆ, ಮುಂಬಯಿ ಮತ್ತು ಲಂಡನ್ನಿನ ಪತ್ರಾಗಾರಗಳಲ್ಲಿರುವ ಕಿತ್ತೂರಿನ ಕಾಗದಗಳ ನಕಲುಗಳನ್ನು ತರಿಸಿ, ಕನ್ನಡದಲ್ಲಿ ವಿವರಣೆ ಬರೆಸಿ, ಕೋಟೆಯ ಸಂಗ್ರಹಾಲಯದಲ್ಲಿ ಹೊಸ ವಿಭಾಗವನ್ನೇ ತೆರೆಯಬಹುದು. ಆ ವಿಭಾಗದಲ್ಲಿ ಖಡ್ಗಗಳು ಇರಲಿ, ಅವುಗಳ ಸ್ಥಾನದಲ್ಲಿಯೇ ಇರಲಿ. ಆದರೆ ಅವುಗಳಿಂದ ಮುಂದಕ್ಕೆ ನಡೆದವರು ರಾಮದುರ್ಗದ 1939ನ್ನೂ, ಮುನವಳ್ಳಿಯವರ ಹೆಸರನ್ನೂ, 1948ರ ವಿಲೀನವನ್ನೂ, ಮೊದಲ ಚುನಾವಣೆಯ ಮತದಾರರ ಪಟ್ಟಿಯನ್ನೂ, ಯಲ್ಲಮ್ಮನ ಗುಡ್ಡದ ಹೆಣ್ಣುಮಕ್ಕಳ ಅರ್ಜಿಗಳನ್ನೂ ನೋಡದೆ ಹೊರಬರುವಂತಿರಬಾರದು.

ಈ ಕೆಲಸಕ್ಕೆ ಕಾಲ ಬಹಳ ಉಳಿದಿಲ್ಲ. ರಾಮದುರ್ಗದ ಜೈಲು ಉರಿದಾಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತೈದನ್ನು ದಾಟಿದ್ದಾರೆ. ಪ್ರಜಾ ಸಂಘದ ರಸೀದಿಗಳು, ಪತ್ರಗಳು, ಕರಪತ್ರಗಳು, ಕೋರ್ಟಿನ ಕಾಗದಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಗೆದ್ದಲಿಗೆ ಬಿದ್ದಿರಬಹುದು. ರಾಜ್ಯದ ಪುರಾತತ್ವ ಇಲಾಖೆಯೂ ಕಿತ್ತೂರಿನ ಅಭಿವೃದ್ಧಿಯ ಹೊಣೆ ಹೊತ್ತವರೂ ಮುಂದಿನ ಉತ್ಸವದ ವೇದಿಕೆಯನ್ನು ಕ್ರಿಯಾಯೋಜನೆಗೆ ಸೇರಿಸುವ ಮೊದಲು ರಾಮದುರ್ಗ, ಸುರೇಬಾನ, ಮುನವಳ್ಳಿ, ಸಂಪಗಾವಿ ಊರುಗಳಿಗೆ ಜನರನ್ನು ಕಳಿಸಿ ಆ ಕಾಗದಗಳನ್ನು ಕೇಳಿ ಪಡೆಯಲಿ. ಮನೆಯಲ್ಲಿ ಅಂಥ ಕಾಗದವಿರುವವರು ಅದನ್ನು ಒಲೆಗೂ ರದ್ದಿಯವನಿಗೂ ಕೊಡದೆ, ಕಿತ್ತೂರಿನ ಸಂಗ್ರಹಾಲಯಕ್ಕೆ ಒಯ್ದು, ಕೊಟ್ಟದ್ದಕ್ಕೆ ರಸೀದಿ ಪಡೆಯಲಿ.